ಮೀನಿನ ಮಿದುಳಿನ ಎಡಬಲ

ಹಾವೇರಿ, ರಾಣೇಬೆನ್ನೂರು, ಬ್ಯಾಡಗಿ ಸೀಮೆಯ ರೈತನು ಎಡಕ್ಕೆ ಪಳಗಿದ ಎತ್ತನ್ನು ನೊಗದ ಎಡಕ್ಕೇ ಹೂಡುತ್ತಾನೆ. ನೋಡುವವರ ಕಣ್ಣಿಗೆ ಜೋಡೆತ್ತುಗಳು ಒಂದೇ ತೆರನಾಗಿ ಕಂಡರೂ ಅವುಗಳ ರೂಢಿ ಬೇರೆ ಬೇರೆ. ಮಿದುಳೂ ಇಂಥ ಒಂದು ಜೋಡಿ. ಸರಿಸಮವಾಗಿ ತೋರುವ ಅದರ ಎರಡು ಪಾರ್ಶ್ವಗಳು ಎಲ್ಲ ಕೆಲಸಗಳನ್ನೂ ಸಮನಾಗಿ ಹಂಚಿಕೊಂಡಿಲ್ಲ. ಈ ಭೇದವು ಹುಟ್ಟುವ ಬಗೆಯನ್ನು ತಿಳಿಯಲು ವಿಜ್ಞಾನಿಗಳಿಗೆ ಬಹಳವಾಗಿ ನೆರವಾದುದು ಬೆರಳುದ್ದವೂ ಇಲ್ಲದ ಜೀಬ್ರಾ ಮೀನು.

ನೀಲಿ ಪಟ್ಟೆಗಳ ಈ ಮೀನು ಭಾರತದ್ದೇ. 1822ರಲ್ಲಿ ಗಂಗಾನದಿಯ ಮೀನುಗಳನ್ನು ಕುರಿತ ಗ್ರಂಥದಲ್ಲಿ ಇದನ್ನು ಮೊದಲು ವರ್ಣಿಸಿದವನು ಫ್ರಾನ್ಸಿಸ್ ಹ್ಯಾಮಿಲ್ಟನ್. ಬುಕಾನನ್ ಎಂಬ ಹೆಸರಿನಿಂದ 1801ರಲ್ಲಿ ಕನ್ನಡ ನಾಡಿನಲ್ಲಿ ಸಂಚರಿಸಿ, ವರದಾ ನದಿಯ ದಂಡೆಯ ಬನವಾಸಿಯನ್ನು ಕಂಡವನೂ ಅವನೇ. ಆ ವರದೆಯೇ ಮುಂದೆ ಹಾವೇರಿ ಸೀಮೆಗೆ ಹರಿದು ಬರುತ್ತದೆ. ಈ ಮೀನಿನ ಮೊಟ್ಟೆಯು ತಾಯಿಯ ಒಡಲಿನ ಹೊರಗೆ ಬೆಳೆಯುತ್ತದೆ. ಭ್ರೂಣವು ಗಾಜಿನಂತೆ ಪಾರದರ್ಶಕ. ಆದುದರಿಂದ ಮಿದುಳು ರೂಪುಗೊಳ್ಳುವುದನ್ನು ಸೂಕ್ಷ್ಮದರ್ಶಕದಲ್ಲಿ ಕಣ್ಣಾರೆ ನೋಡಬಹುದು.

ಭ್ರೂಣಕ್ಕೆ ಅರ್ಧ ದಿನ ತುಂಬುವ ಹೊತ್ತಿಗೆ ಅದರ ಬಾಲದ ಬಳಿ ದ್ರವ ತುಂಬಿದ ಪುಟ್ಟ ಗುಳ್ಳೆಯೊಂದು ಮೂಡುತ್ತದೆ. ಅದರೊಳಗಿನ ಲೋಮಾಂಗಗಳು ತಿರುತಿರುಗಿ ದ್ರವವನ್ನು ಸುಳಿಯಂತೆ ಹರಿಸುತ್ತವೆ. ಈ ಹರಿವಿನ ಪ್ರಭಾವದಿಂದ ‘ಸೌತ್‌ಪಾ’ ಎಂಬ ವಂಶವಾಹಿಯು ಶರೀರದ ಎಡಪಕ್ಕೆಯಲ್ಲಿ ಚುರುಕಾಗುತ್ತದೆ. ‘ಎಡಚ’ ಎಂದೇ ಆ ಹೆಸರಿನ ಅರ್ಥ! ಅದು ಹೊರಡಿಸುವ ನೋಡಲ್ ಎಂಬ ಸಂಕೇತವು ಮಿದುಳಿನ ಎಡಭಾಗವನ್ನೂ ಎಚ್ಚರಿಸುತ್ತದೆ. ಆಗ ಮಿದುಳಿನ ನಡುಗೆರೆಯ ಮೇಲಿದ್ದ ಜೀವಕೋಶಗಳ ಸಣ್ಣ ಗುಂಪೊಂದು ಎಡಕ್ಕೆ ಸರಿಯುತ್ತದೆ. ಅದರ ನೆರೆಯಲ್ಲಿರುವ ಹೆಬೆನ್ಯುಲ ಎಂಬ ಜೋಡಿ ಭಾಗಗಳಲ್ಲಿ ಎಡದ್ದು ಬಲದ್ದಕ್ಕಿಂತ ಬೇರೆಯಾಗಿ ಬೆಳೆಯುತ್ತದೆ.

ನೋಡಲ್ ಸಂಕೇತವೇ ಇಲ್ಲದಿದ್ದರೆ? ಎರಡು ಪಾರ್ಶ್ವಗಳೂ ಸಮವಾಗಿ ಉಳಿಯುವುವೆಂದು ಊಹಿಸುವುದು ಸಹಜ. 2000ದಲ್ಲಿ ಲಂಡನ್ನಿನ ಮಿಗೆಲ್ ಕೊಂಚಾ, ಸ್ಟೀಫನ್ ವಿಲ್ಸನ್ ಮೊದಲಾದವರು ಕಂಡದ್ದೇ ಬೇರೆ. ಆ ಗುಂಪು ಆಗಲೂ ಪಕ್ಕಕ್ಕೆ ಸರಿಯಿತು. ಆದರೆ ಸುಮಾರು ಅರ್ಧದಷ್ಟು ಮೀನುಗಳಲ್ಲಿ ಎಡಕ್ಕೆ, ಉಳಿದವುಗಳಲ್ಲಿ ಬಲಕ್ಕೆ. ರೈತನ ಸೂಚನೆಯಿಲ್ಲದೆ ಎತ್ತುಗಳು ನೊಗಕ್ಕೆ ಬಂದಂತಾಯಿತು: ಜೋಡಿ ಕೂಡಿತು, ಯಾವುದು ಯಾವ ಕಡೆ ಎಂಬುದು ಮಾತ್ರ ಆಕಸ್ಮಿಕ. ಪಕ್ಕಕ್ಕೆ ಸರಿಯಲು ಬೇಕಾದುದು ಎಫ್‌ಜಿಎಫ್-8 ಎಂಬ ಮತ್ತೊಂದು ಸಂಕೇತ. ಅದು ಕುಂದಿದರೆ ಗುಂಪು ನಡುಗೆರೆಯಲ್ಲೇ ಉಳಿಯುವುದೆಂದು 2009ರಲ್ಲಿ ತಿಳಿದುಬಂದಿತು. ಭೇದವನ್ನು ಹುಟ್ಟಿಸುವ ಸಂಕೇತ ಒಂದು. ಅದರ ದಿಕ್ಕನ್ನು ಗೊತ್ತುಮಾಡುವ ಸಂಕೇತ ಇನ್ನೊಂದು.

ಪಾರ್ಶ್ವಗಳೆರಡೂ ಒಂದೇ ಬಗೆಯಾದರೆ ಮೀನಿಗೆ ನಷ್ಟವೇನು? ಮರಿಮೀನಿನ ಎಡ ಹೆಬೆನ್ಯುಲವು ಹೆಚ್ಚಾಗಿ ಬೆಳಕಿಗೂ ಬಲದ್ದು ವಾಸನೆಗೂ ಸ್ಪಂದಿಸುತ್ತದೆ. 2014ರಲ್ಲಿ ಪ್ರಕಟವಾದ ಪ್ರಯೋಗಗಳಲ್ಲಿ, ಎರಡೂ ಎಡದಂತೆಯೇ ಬೆಳೆದಾಗ ಹೆಬೆನ್ಯುಲಗಳು ವಾಸನೆಗೆ ಸ್ಪಂದಿಸುವುದನ್ನು ಬಹುಮಟ್ಟಿಗೆ ಕಳೆದುಕೊಂಡವು. ಎರಡೂ ಬಲದಂತಾದಾಗ ಬೆಳಕಿಗೆ ಸ್ಪಂದಿಸುವುದನ್ನು. ಆದರೆ ಎಡಬಲಗಳು ಪೂರ್ತಿಯಾಗಿ ಅದಲುಬದಲಾದ ಮರಿಗಳಲ್ಲಿ ಎರಡು ಸ್ಪಂದನಗಳೂ ಉಳಿದಿದ್ದವು, ಪಕ್ಕ ಮಾತ್ರ ಬದಲಾಗಿತ್ತು.