ಅಚಲದ ಚಲನೆ

ಪರ್ವತಕ್ಕೆ ‘ಅಚಲ’ ಎಂಬ ಹೆಸರುಂಟು. ಚಲಿಸದುದು ಎಂಬುದೇ ಅದರ ಅರ್ಥ. ಆದರೆ ಭೂಪಟವನ್ನು ಅವಲೋಕಿಸಿದರೆ, ಅನೇಕ ಪರ್ವತಶ್ರೇಣಿಗಳು ಬಿಲ್ಲಿನಂತೆ ಬಾಗಿರುವುದು ಕಂಡುಬರುತ್ತದೆ. ಸ್ಪೇನ್ ದೇಶದ ಉತ್ತರ ಭಾಗದಲ್ಲಿರುವ ಕ್ಯಾಂಟೇಬ್ರಿಯನ್ ಪರ್ವತಗಳ ಪ್ರಾಚೀನ ಶಿಲಾಸ್ತರಗಳು ಕುದುರೆಯ ಲಾಳದಂತೆ ತಿರುಗಿವೆ. ಲಾಳದ ತೆರೆದ ಬಾಯಿ ಪೂರ್ವಕ್ಕಿದೆ. ಈ ಬಾಗು ಹುಟ್ಟಿನಿಂದಲೇ ಬಂದುದೋ, ನೇರವಾಗಿದ್ದ ಶ್ರೇಣಿಯು ಅನಂತರ ಬಾಗಿತೋ?

1955ರಲ್ಲಿ ಆಸ್ಟ್ರೇಲಿಯದ ಭೂವಿಜ್ಞಾನಿ ಎಸ್. ವಾರನ್ ಕೇರಿಯವರು ಎರಡನೆಯ ಉತ್ತರವನ್ನು ಮುಂದಿಟ್ಟರು. ಹೀಗೆ ಬಾಗಿದ ಶ್ರೇಣಿಗೆ ಅವರು ‘ಓರೋಕ್ಲೈನ್’ ಎಂದು ಹೆಸರಿಟ್ಟರು. ಗ್ರೀಕ್ ಭಾಷೆಯಲ್ಲಿ ‘ಓರೋಸ್’ ಎಂದರೆ ಪರ್ವತ. ‘ಕ್ಲೀನೋ’ ಎಂದರೆ ಬಾಗಿಸು. ಭೂಖಂಡಗಳು ಚಲಿಸುತ್ತವೆಂಬುದನ್ನೇ ಹೆಚ್ಚಿನ ವಿದ್ವಾಂಸರು ಒಪ್ಪದಿದ್ದ ಕಾಲವದು. ಆದುದರಿಂದ ಈ ಮಾತಿಗೆ ಬಲವಾದ ಸಾಕ್ಷ್ಯ ಬೇಕಾಗಿತ್ತು. ಆ ಸಾಕ್ಷ್ಯವು ಶಿಲೆಯೊಳಗೇ ಅಡಗಿತ್ತು.

ಅನೇಕ ಶಿಲೆಗಳಲ್ಲಿ ಮ್ಯಾಗ್ನಟೈಟ್ ಎಂಬ ಕಬ್ಬಿಣದ ಖನಿಜದ ಸೂಕ್ಷ್ಮ ಕಣಗಳಿರುತ್ತವೆ. 580 ಡಿಗ್ರಿ ಸೆಲ್ಸಿಯಸ್‌ಗಿಂತ ಹೆಚ್ಚಿನ ಉಷ್ಣತೆಯಲ್ಲಿ ಇದು ಕಾಂತತ್ವವನ್ನು ಉಳಿಸಿಕೊಳ್ಳಲಾರದು. ಲಾವಾ ತಣ್ಣಗಾಗುವಾಗ ಈ ಕಣಗಳು ಅಂದಿನ ಭೂಕಾಂತಕ್ಷೇತ್ರದ ದಿಕ್ಕನ್ನು ತಮ್ಮಲ್ಲಿ ಮುದ್ರಿಸಿಕೊಳ್ಳುತ್ತವೆ. ಸುಣ್ಣಕಲ್ಲಿನಲ್ಲಿ ಹೊಸ ಖನಿಜಕಣಗಳು ಬೆಳೆಯುವಾಗಲೂ ಇಂತಹ ಮುದ್ರೆ ಬೀಳುವುದುಂಟು. ಶಿಲೆಯು ತಿರುಗಿದರೆ ಮುದ್ರೆಯೂ ಅದರೊಡನೆ ತಿರುಗುತ್ತದೆ.

ನೇರವಾದ ತಾಳೆಗರಿಯ ಮೇಲೆ ಒಂದೇ ದಿಕ್ಕನ್ನು ತೋರುವ ಬಾಣಗಳನ್ನು ಬರೆದು, ಗರಿಯನ್ನು ಕಮಾನಿನಂತೆ ಬಗ್ಗಿಸಿದರೆ, ಬಾಣಗಳು ಬೀಸಣಿಗೆಯ ಕಡ್ಡಿಗಳಂತೆ ಚದರುತ್ತವೆ. ಮೊದಲೇ ಬಾಗಿರುವ ಗರಿಯ ಮೇಲೆ ಬರೆದ ಬಾಣಗಳಾದರೋ ಒಂದೇ ದಿಕ್ಕನ್ನು ತೋರುತ್ತಿರುತ್ತವೆ. ಪರ್ವತದ ಪರೀಕ್ಷೆಯೂ ಇದೇ ಬಗೆಯದು.

ವಿಜ್ಞಾನಿಗಳು ಬಾಗಿನ ಉದ್ದಕ್ಕೂ ಅನೇಕ ಸ್ಥಳಗಳಲ್ಲಿ ಶಿಲೆಯನ್ನು ಕೊರೆದು, ಬೆರಳಿನ ಗಾತ್ರದ ತುಂಡುಗಳನ್ನು ತೆಗೆಯುತ್ತಾರೆ. ಕೀಳುವ ಮೊದಲೇ ದಿಕ್ಸೂಚಿಯಿಂದ ಪ್ರತಿಯೊಂದು ತುಂಡಿನ ದಿಕ್ಕನ್ನು ಗುರುತಿಸುತ್ತಾರೆ. ಪ್ರಯೋಗಾಲಯದಲ್ಲಿ ಅವುಗಳನ್ನು ಹಂತಹಂತವಾಗಿ ಕಾಯಿಸಿ, ಈಚಿನ ಮುದ್ರೆಗಳನ್ನು ಅಳಿಸಿ, ಪುರಾತನ ಮುದ್ರೆಯನ್ನು ಅಳೆಯುತ್ತಾರೆ.

ಕ್ಯಾಂಟೇಬ್ರಿಯನ್ ಸುಣ್ಣಕಲ್ಲುಗಳಲ್ಲಿ ಬಾಣಗಳು ಚದರಿದ್ದವು. ಶ್ರೇಣಿಯು ಎಷ್ಟು ತಿರುಗಿತ್ತೋ ಬಾಣಗಳೂ ಹೆಚ್ಚುಕಡಿಮೆ ಅಷ್ಟೇ ತಿರುಗಿದ್ದವು. ಶಿಲಾರಚನೆಯೂ ಇದಕ್ಕೆ ಅನುಗುಣವಾಗಿತ್ತು. ಶ್ರೇಣಿಯ ಉದ್ದಕ್ಕೆ ಸಾಗಿದ ಮೊದಲ ಮಡಿಕೆಗಳನ್ನು ಅಡ್ಡಲಾಗಿ ಹಾಯುವ ಎರಡನೆಯ ಮಡಿಕೆಗಳು ಅಲ್ಲಿವೆ. ಸುರುಳಿ ಸುತ್ತಿದ ಚಾಪೆಯನ್ನು ಬಗ್ಗಿಸಿದಾಗ ಒಳಮಗ್ಗುಲಿನಲ್ಲಿ ಸುಕ್ಕುಗಳು ಬೀಳುವಂತೆ ಇವು ಉಂಟಾದವು. ಖಂಡಗಳ ಘರ್ಷಣೆಯಿಂದ ಮೊದಲು ನೇರವಾದ ಶ್ರೇಣಿ ಎದ್ದಿತು. ಸುಮಾರು 31 ಕೋಟಿ ವರ್ಷಗಳ ಹಿಂದಿನಿಂದ 29.5 ಕೋಟಿ ವರ್ಷಗಳ ಹಿಂದಿನವರೆಗಿನ ಅವಧಿಯಲ್ಲಿ ಅದು ಬಾಗಿತು.

ಎಲ್ಲ ಬಾಗಿದ ಶ್ರೇಣಿಗಳ ಕಥೆಯೂ ಒಂದೇ ಅಲ್ಲ. ಕೆಲವು ಹುಟ್ಟಿನಿಂದಲೇ ಬಾಗಿದವು. ಒಂದೊಂದನ್ನೂ ಬೇರೆಬೇರೆಯಾಗಿ ಪರೀಕ್ಷಿಸಬೇಕು. ಭೂಮಿಯು ಹಿಗ್ಗುತ್ತಿದೆ ಎಂದು ಸಹ ಕೇರಿಯವರು ವಾದಿಸಿದ್ದರು. ಆ ವಾದಕ್ಕೆ ಸಾಕ್ಷ್ಯ ದೊರೆಯದೆ ಅದು ಬಿದ್ದುಹೋಯಿತು; ಓರೋಕ್ಲೈನ್ ಕಲ್ಪನೆ ಉಳಿದುಕೊಂಡಿತು. ವಿಜ್ಞಾನದಲ್ಲಿ ಹೇಳಿದವರ ಹಿರಿಮೆಗಿಂತ ಕಲ್ಲಿನ ಸಾಕ್ಷಿಯೇ ದೊಡ್ಡದು.