ನಾಳೆಯೂ ಓಡಬೇಕಲ್ಲ, ತಮ್ಮಾ

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ. ನಮ್ಮ ವಿಜಯಪುರ ಜಿಲ್ಲೆಯ ಈ ನಾಲ್ಕೂ ಊರುಗಳಲ್ಲಿ ನಸುಕಿನ ಐದಕ್ಕೆ ಯಾವ ಮೈದಾನಕ್ಕೆ ಹೋದರೂ ನಿನ್ನಂಥವರು ಕಾಣುತ್ತಾರೆ, ತಮ್ಮಾ. ಒಬ್ಬ ಮಿಲಿಟ್ರಿ ಭರ್ತಿಗೆ, ಒಬ್ಬ ಪೊಲೀಸ್ ಫಿಸಿಕಲ್‌ಗೆ, ಇನ್ನೊಬ್ಬ ಬಿಎಸ್‌ಎಫ್, ಸಿಐಎಸ್‌ಎಫ್ ಆಸೆಯಿಂದ ಜನರಲ್ ಡ್ಯೂಟಿ (ಜಿಡಿ) ಪರೀಕ್ಷೆಗೆ. ಚಪ್ಪಲಿ ಮೂಲೆಗೆ, ಮೊಬೈಲು ಗೆಳೆಯನ ಕೈಗೆ. ಅವನು ಸ್ಟಾಪ್‌ವಾಚ್ ಒತ್ತಿದ್ದೇ ತಡ, ಜೀವ ಬಿಟ್ಟು ನಾಲ್ಕು ರೌಂಡ್. ಮುಗಿದ ಮೇಲೆ ಮೊಣಕಾಲಿಗೆ ಕೈಯೂರಿ ಬಗ್ಗಿ ನಿಂತು, ಏದುಸಿರಿನಲ್ಲೇ ‘ಎಷ್ಟಾತೋ?’ ಎಂಬ ಪ್ರಶ್ನೆ. ಮರುದಿನ ಮತ್ತೆ ಅದೇ. ಮೊದಲ ಕೆಲವು ದಿನ ಟೈಮಿಂಗ್ ಇಳಿಯುತ್ತದೆ, ಆಮೇಲೆ ಜಗ್ಗುವುದಿಲ್ಲ. ತಿಂಗಳೊಪ್ಪತ್ತು ಕಳೆಯುವಷ್ಟರಲ್ಲಿ ಮೈದಾನದಲ್ಲಿ ಎಷ್ಟೋ ಮುಖಗಳು ಇರುವುದೇ ಇಲ್ಲ. ಕೇಳಿದರೆ ಕೆಲವರು ಕಾಲುನೋವು ಅನ್ನುತ್ತಾರೆ, ಕೆಲವರು ಬ್ಯಾಸರಾತು ಅನ್ನುತ್ತಾರೆ. ಎರಡೂ ಬರುವುದು ಒಂದೇ ಕಡೆಯಿಂದ ಎಂದು ನಿನಗೆ ಹೇಳಬೇಕಾಗಿದೆ. ದಿನಾ ಓಡುವ ಹೆಸರಿನಲ್ಲಿ ನೀವು ದಿನಾ ಪರೀಕ್ಷೆ ಕೊಡುತ್ತಿದ್ದೀರಿ.

ಗುರಿಯ ಲೆಕ್ಕ ನಿನಗೆ ಬಾಯಿಪಾಠ ಇದೆ. ಅಗ್ನಿವೀರ್ ಭರ್ತಿಯಲ್ಲಿ 1600 ಮೀಟರನ್ನು 5 ನಿಮಿಷ 30 ಸೆಕೆಂಡಿನೊಳಗೆ ಮುಗಿಸಿದರೆ ಪೂರ್ತಿ 60 ಅಂಕ. ನಮ್ಮ ರಾಜ್ಯದ ಪೊಲೀಸ್ ಕಾನ್‌ಸ್ಟೆಬಲ್ ಆಗಬೇಕೆನ್ನುವ ಗಂಡುಮಕ್ಕಳಿಗೆ ಅದೇ ದೂರ, 6 ನಿಮಿಷ 30 ಸೆಕೆಂಡು. ಜಿಡಿಗೆ 5 ಕಿ.ಮೀ., 24 ನಿಮಿಷ. ಈಗ ಇದನ್ನು ಒಡೆದು ನೋಡು. ಐದೂವರೆ ನಿಮಿಷ ಅಂದರೆ 400 ಮೀಟರಿನ ಪ್ರತಿ ರೌಂಡಿಗೆ 82.5 ಸೆಕೆಂಡು, ಒಂದರ ಹಿಂದೊಂದು ನಾಲ್ಕು ಸಲ. ಒಂದು ರೌಂಡು 80ರಲ್ಲಿ ಓಡುವ ಹುಡುಗರು ನಮ್ಮಲ್ಲಿ ಬೇಕಾದಷ್ಟಿದ್ದಾರೆ. ಅವರಿಗೆ ವೇಗ ಇದೆ, ದಮ್ಮು ಇಲ್ಲ. ಮೂರನೇ ರೌಂಡಿನಲ್ಲಿ ಕೈ ಬಿಡುವುದು ಆ ದಮ್ಮೇ. ಅದು ಬರುವುದು ದೂರದಿಂದ, ಮತ್ತು ದೂರ ಹೆಚ್ಚುವುದು ನಿಧಾನ ಓಡಿದರೆ ಮಾತ್ರ.

‘ಹಿಂಗ ಮೆಲ್ಲಕ ಓಡಿದ್ರ ಭರ್ತಿ ಆಗ್ತದೇನ್ರಿ ಸರ?’ ಎಂದು ನೀನು ಕೇಳುತ್ತಿ, ಕೇಳಲೇಬೇಕು. ನ್ಯೂಜಿಲೆಂಡಿನ ಪೀಟರ್ ಸ್ನೆಲ್ 1960ರ ರೋಮ್ ಒಲಿಂಪಿಕ್ಸ್‌ನಲ್ಲಿ 800 ಮೀಟರ್ ಚಿನ್ನ ಗೆದ್ದ, 1964ರ ಟೋಕಿಯೊದಲ್ಲಿ 800 ಮತ್ತು 1500 ಎರಡನ್ನೂ ಗೆದ್ದ. ಎರಡು ನಿಮಿಷದೊಳಗೆ ಮುಗಿಯುವ ಓಟದ ಆ ಹುಡುಗನನ್ನು ಅವನ ಕೋಚ್ ಆರ್ಥರ್ ಲಿಡಿಯಾರ್ಡ್ ಭಾನುವಾರಗಳಂದು ಆಕ್ಲೆಂಡಿನ ಗುಡ್ಡದ ರಸ್ತೆಯಲ್ಲಿ ಸುಮಾರು 35 ಕಿ.ಮೀ. ಓಡಿಸುತ್ತಿದ್ದ. ಮೊದಲು ತಿಂಗಳುಗಟ್ಟಲೆ ದೂರ, ವೇಗದ ಕೆಲಸ ಕೊನೆಗೆ. ನೀನು 35 ಓಡಬೇಕಾಗಿಲ್ಲ. ಆದರೆ 1600 ಮೀಟರಿನವನು ನಿಂತು ಉಸಿರು ತೆಗೆದುಕೊಳ್ಳದೆ 8–10 ಕಿ.ಮೀ. ಓಡುವಂತಾಗಲೇಬೇಕು. ಅಲ್ಲಿಯವರೆಗೆ ಸ್ಟಾಪ್‌ವಾಚನ್ನು ಮರೆತುಬಿಡು.

ಎಷ್ಟು ನಿಧಾನ ಅಂದರೆ, ಪಕ್ಕದಲ್ಲಿ ಓಡುವವನಿಗೆ ನಿನ್ನೆ ಮನೆಯಲ್ಲಿ ಏನೇನು ನಡೆಯಿತು ಎಂದು ಪೂರ್ತಿ ವಾಕ್ಯಗಳಲ್ಲಿ ಹೇಳಲು ಆಗಬೇಕು. ಎರಡೆರಡು ಪದಕ್ಕೆ ಉಸಿರು ಕಟ್ಟಿದರೆ ವೇಗ ಇಳಿಸು. ಅಷ್ಟೂ ಆಗದಿದ್ದರೆ ನಡೆ. ಇದರಲ್ಲಿ ನಾಚುವಂಥದ್ದು ಏನೂ ಇಲ್ಲ. ಮೊದಲ ವಾರಗಳಲ್ಲಿ ಒಂದು ನಿಮಿಷ ಓಟ, ಎರಡು ನಿಮಿಷ ನಡಿಗೆ, ಹೀಗೆ ಅರ್ಧ ತಾಸು, ವಾರಕ್ಕೆ ನಾಲ್ಕು ದಿನ ಸಾಕು. ಬರಬರುತ್ತ ಓಟದ ನಿಮಿಷ ಹೆಚ್ಚಿಸು, ನಡಿಗೆಯದು ತಗ್ಗಿಸು. ಅರ್ಧ ತಾಸು ಎಡಬಿಡದೆ ಓಡಲು ಬಂದ ಮೇಲೆ ಭಾನುವಾರದ ಓಟವನ್ನು ಉದ್ದ ಮಾಡುತ್ತ ಹೋಗು, ಉಳಿದ ದಿನಗಳನ್ನು ಇದ್ದಂತೆಯೇ ಬಿಡು. ಮೂರು ವಾರ ಏರಿಸಿದರೆ ನಾಲ್ಕನೆಯ ವಾರ ಇಳಿಸು. ಮೈ ಗಟ್ಟಿಯಾಗುವುದು ಆ ಇಳಿಸಿದ ವಾರದಲ್ಲೇ.

ಭಾನುವಾರದ ಓಟವನ್ನು ಎಷ್ಟು ಉದ್ದ ಮಾಡಬೇಕು ಎಂಬುದಕ್ಕೆ ಈಚೆಗೆ ಒಳ್ಳೆಯ ಆಧಾರ ಸಿಕ್ಕಿದೆ. ಡೆನ್ಮಾರ್ಕಿನ ಆರ್ಹುಸ್ ವಿಶ್ವವಿದ್ಯಾಲಯದವರು 5,200 ಓಟಗಾರರ ಲೆಕ್ಕ ಇಟ್ಟು 2025ರಲ್ಲಿ ಪ್ರಕಟಿಸಿದ ಅಧ್ಯಯನ ಅದು. ಹಿಂದಿನ 30 ದಿನಗಳಲ್ಲಿ ತಾನು ಓಡಿದ ಅತಿ ಉದ್ದದ ಓಟಕ್ಕಿಂತ ಶೇ 10ಕ್ಕೂ ಹೆಚ್ಚು ದೂರವನ್ನು ಒಂದೇ ದಿನ ಓಡಿದವನಿಗೆ ಪೆಟ್ಟಾಗುವ ಸಂಭವ ಏರುತ್ತದೆ. ಎರಡು ಪಟ್ಟಿಗೂ ಮೀರಿ ಓಡಿದರೆ ಆ ಸಂಭವವೂ ಎರಡು ಪಟ್ಟು ದಾಟುತ್ತದೆ. ವಾರದ ಒಟ್ಟು ದೂರಕ್ಕೆ ಅಂಥ ನಂಟು ಕಾಣಲಿಲ್ಲ. ಅಂದರೆ ಕೆಡಿಸುವುದು ಒಂದು ದಿನದ ಹುಮ್ಮಸ್ಸು. ತಿಂಗಳಲ್ಲಿ ನಿನ್ನ ದೊಡ್ಡ ಓಟ 6 ಕಿ.ಮೀ. ಆಗಿದ್ದರೆ ಮುಂದಿನದು ಆರೂವರೆ ಇರಲಿ. ಗೆಳೆಯರು ‘ಇವತ್ತ ಆಲಮಟ್ಟಿ ಮುಟ್ಟೇ ಬರೋಣು’ ಎಂದು ಬಾಗೇವಾಡಿಯಿಂದ ಹೊರಟರೆ ನೀನು ನಿನ್ನ ಆರೂವರೆಗೆ ತಿರುಗಿ ಬಾ.

ಇದಕ್ಕೊಂದು ಕಾರಣ ಇದೆ, ಅದನ್ನು ತಿಳಿದುಕೊಂಡರೆ ತಾಳ್ಮೆ ತಾನಾಗಿ ಬರುತ್ತದೆ. ಎದೆ, ಉಸಿರು, ರಕ್ತ ವಾರಗಳಲ್ಲಿ ಪಳಗುತ್ತವೆ. ಎಲುಬು, ಸ್ನಾಯುಬಂಧ ಪಳಗಲು ತಿಂಗಳುಗಳು ಬೇಕು. ಎರಡನೆಯ ತಿಂಗಳಿಗೆ ನಿನ್ನ ದಮ್ಮು ‘ಇನ್ನೂ ಓಡು’ ಅನ್ನುತ್ತದೆ, ಕಾಲಿನ ಎಲುಬು ಇನ್ನೂ ತಯಾರಾಗಿರುವುದಿಲ್ಲ. ನಿಮ್ಮಪ್ಪ ಹೊಸ ಹೋರಿಯನ್ನು ಮೊದಲ ದಿನವೇ ಎರೆಹೊಲದ ನೇಗಿಲಿಗೆ ಹೂಡುವುದಿಲ್ಲ. ಅದಕ್ಕೆ ಬಲ ಇಲ್ಲವೆಂದಲ್ಲ, ಹೆಗಲು ಇನ್ನೂ ನೊಗ ಕಂಡಿಲ್ಲವೆಂದು.

ನಮ್ಮ ಹುಡುಗರನ್ನು ಹೆಚ್ಚು ಕಾಡುವುದು ಮೊಣಕಾಲಿನ ಕೆಳಗೆ, ಎಲುಬಿನ ಒಳಮಗ್ಗುಲ ನೋವು. ಅದನ್ನು ಹೀಗೆ ನೋಡಿಕೋ. ಕುಳಿತು ಕಾಲು ಚಾಚಿ, ಆ ಎಲುಬಿನ ಒಳ ಅಂಚಿನ ಮೇಲೆ ಹೆಬ್ಬೆರಳನ್ನು ಕೆಳಗಿನಿಂದ ಮೇಲೆ ಒತ್ತುತ್ತ ಹೋಗು. ನಾಲ್ಕೈದು ಬೆರಳಿನಗಲ ಎಲ್ಲೆಡೆ ಸಾಧಾರಣ ನೋವಿದ್ದರೆ ಅದು ಉರಿಯೂತ. ಓಟ ತಗ್ಗಿಸಿ, ಮೆತ್ತನೆಯ ನೆಲಕ್ಕೆ ಹೋದರೆ ಮಾಯುತ್ತದೆ. ಒಂದೇ ಜಾಗದಲ್ಲಿ, ಬೆರಳ ತುದಿ ಇಟ್ಟಷ್ಟೇ ಕಡೆ ಚುರ್ರೆಂದರೆ, ನಡೆಯುವಾಗಲೂ ರಾತ್ರಿ ಮಲಗಿದಾಗಲೂ ನೋಯುತ್ತಿದ್ದರೆ, ಅಲ್ಲಿ ಎಲುಬು ಕೂದಲೆಳೆಯಷ್ಟು ಬಿರುಕು ಬಿಟ್ಟಿರಬಹುದು. ಆ ಹೊತ್ತಿಗೆ ಓಟ ನಿಲ್ಲಿಸಿ ಎಲುಬಿನ ಡಾಕ್ಟರ ಹತ್ತಿರ ಹೋಗು. ಮೊದಲ ಎಕ್ಸ್-ರೇಯಲ್ಲಿ ಅದು ಕಾಣದೆಯೂ ಇರಬಹುದು, ‘ಏನೂ ಇಲ್ಲ’ ಎಂದ ಮೇಲೂ ನೋವು ಹೋಗದಿದ್ದರೆ ಮತ್ತೆ ತೋರಿಸು. ನೋವಿನ ಗುಳಿಗೆ ನುಂಗಿ, ಸೂಜಿ ಮಾಡಿಸಿಕೊಂಡು ಓಡುವವರ ಮಾತು ಕೇಳಬೇಡ. ಭರ್ತಿಯ ದಿನಕ್ಕೆಂದು ದಮ್ಮಿನ ಇಂಜೆಕ್ಷನ್ ಕೊಡಿಸುತ್ತೇನೆ ಅನ್ನುವವನು ಯಾರೇ ಇರಲಿ, ಅವನ ಸಂಗ ಬಿಡು. ಮಗನನ್ನು ಕಳೆದುಕೊಂಡು ನಿಮ್ಮವ್ವ ಮಾಡುವುದೇನಿದೆ?

ಮೆತ್ತನೆಯ ನೆಲಕ್ಕೆ ನಮ್ಮ ಕಡೆ ಬರವಿಲ್ಲ. ಕೆನಾಲ್ ದಂಡೆಯ ಮಣ್ಣಿನ ದಾರಿ ಇದೆ, ಹೊಲದ ಬಂಡಿದಾರಿ ಇದೆ. ಮಳೆ ಬಿದ್ದ ಮಾರನೆಯ ದಿನ ಮಾತ್ರ ಎರೆಮಣ್ಣು ಬೂಟಿಗೆ ಸೇರುಗಟ್ಟಲೆ ಅಂಟುತ್ತದೆ, ಅವತ್ತು ಶಾಲೆಯ ಮೈದಾನ ಹಿಡಿ. ಸಿಂದಗಿಯವರು 50ನೇ ನಂಬರಿನ ಹೆದ್ದಾರಿಯಲ್ಲಿ ಓಡುವುದು ಬೇಡ. ಕಬ್ಬಿನ ಹಂಗಾಮಿನಲ್ಲಿ ಇಂಡಿ ಕಡೆಯ ರಸ್ತೆಗಳೂ ಅಷ್ಟೇ: ಎರಡೆರಡು ಟ್ರೇಲರ್ ಕಟ್ಟಿಕೊಂಡ ಟ್ರ್ಯಾಕ್ಟರು, ಹಿಂದೆ ಕೆಂಪು ದೀಪವಿಲ್ಲ, ಮುಂದೆ ಹಾಡಿನ ಅಬ್ಬರ. ಅನಿವಾರ್ಯವಾದರೆ ಬಲಗಡೆ, ವಾಹನಗಳಿಗೆ ಎದುರಾಗಿ ಓಡು, ಬಿಳಿ ಅಂಗಿ ಹಾಕು, ಕಿವಿಯಲ್ಲಿ ಹಾಡು ಬೇಡ. 89ರ ವಯಸ್ಸಿನಲ್ಲಿ ಓಟ ಹಿಡಿದು, ನೂರು ದಾಟಿದ ಮೇಲೆ 2011ರಲ್ಲಿ ಟೊರಾಂಟೊ ಮ್ಯಾರಥಾನ್ ಮುಗಿಸಿದ ಫೌಜಾ ಸಿಂಗ್ ತೀರಿಹೋದದ್ದು 2025ರ ಜುಲೈನಲ್ಲಿ, ಪಂಜಾಬಿನ ತನ್ನೂರಿನ ಹತ್ತಿರ, ವಾಹನ ಬಡಿದು.

ಬೇಸಿಗೆಯ ಮಾತೂ ಇದೆ. ಏಪ್ರಿಲ್, ಮೇ ತಿಂಗಳಲ್ಲಿ ಪಾದರಸ 40 ದಾಟುವ ನೆಲ ನಮ್ಮದು, ನಸುಕಿನಲ್ಲೂ ಗಾಳಿ ತಣ್ಣಗಿರುವುದಿಲ್ಲ. ಮೈ ಸೆಕೆಗೆ ಒಗ್ಗಲು ಒಂದೆರಡು ವಾರ ಬೇಕು. ಅಷ್ಟು ದಿನ ವೇಗ ತಾನೇ ಇಳಿಯುತ್ತದೆ, ಇಳಿಯಲಿ. ಬಂದ ಮೇಲೆ ಇಂಡಿಯ ನಿಂಬೆಹಣ್ಣು, ಚಿಟಿಕೆ ಉಪ್ಪು, ಒಂದಿಷ್ಟು ಸಕ್ಕರೆ, ನೀರು. ಪೇಟೆಯ ಬಣ್ಣದ ಬಾಟಲಿ ಬೇಕಿಲ್ಲ. ಊಟಕ್ಕೂ ಹೊಸದೇನೂ ಹುಡುಕಬೇಡ, ಬಿಳಿಜೋಳದ ರೊಟ್ಟಿ, ಬೇಳೆ, ಶೇಂಗಾ ಹಿಂಡಿ, ಮೊಸರು ಹೊಟ್ಟೆ ತುಂಬ ಉಣ್ಣು. ಓಡುವವನು ಅರೆಹೊಟ್ಟೆ ಇರಬಾರದು.

ಬೇಸರದ ಬಗ್ಗೆ ಈಗ. ನಮ್ಮ ಜಿಲ್ಲೆಯ ಜನಕ್ಕೆ ದೂರ ಹೊಸದಲ್ಲ. ಶೀಗಿ ಹುಣ್ಣಿಮೆಗೆ ತುಳಜಾಪುರದ ಅಂಬಾಭವಾನಿಗೆ, ಯುಗಾದಿಯ ಹೊತ್ತಿಗೆ ಶ್ರೀಶೈಲದ ಮಲ್ಲಯ್ಯನಿಗೆ ನಡೆದು ಹೋಗುವವರನ್ನು ನೀನು ನೋಡಿದ್ದಿ. ಅವರಲ್ಲಿ ನಿಮ್ಮ ದೊಡ್ಡವ್ವನೂ ಇರಬಹುದು. ಗುಂಪು ಕಟ್ಟಿಕೊಂಡು, ನಸುಕಿನಲ್ಲಿ ಎದ್ದು, ಬಿಸಿಲೇರಿದಾಗ ಮರದಡಿ ಕುಳಿತು, ಕಾಲಿಗೆ ಎಣ್ಣೆ ಹಚ್ಚಿಕೊಂಡು ಮತ್ತೆ ಸಾಗುತ್ತಾರೆ. ಮೊದಲ ದಿನ ಯಾರೂ ಬಿರುಸು ಹಾಕುವುದಿಲ್ಲ. ಹಿಂದೆ ಬಿದ್ದವರಿಗೆ ಕಾಯುವವರು ಇರುತ್ತಾರೆ. ನೀನೂ ಜೊತೆ ಹುಡುಕು, ನಿನ್ನಷ್ಟೇ ದಮ್ಮಿರುವ ಒಬ್ಬ ಸಾಕು. ಮೂಲೆ ಅಂಗಡಿಯ ಮುಂದೆ ಅವನು ಕಾಯುತ್ತಿದ್ದಾನೆ ಎಂಬ ಒಂದೇ ಕಾರಣಕ್ಕೆ ನೀನು ಹಾಸಿಗೆ ಬಿಟ್ಟು ಏಳುತ್ತಿ. ಒಂದು ನೋಟುಬುಕ್ಕಿನಲ್ಲಿ ತಾರೀಖು, ಎಷ್ಟು ನಿಮಿಷ, ಕಾಲು ಹೇಗಿತ್ತು, ಇಷ್ಟು ಬರೆದಿಡು. ಮದುವೆ, ಜಾತ್ರೆ, ತೊಗರಿ ರಾಶಿ ಬಂದು ನಾಲ್ಕು ದಿನ ತಪ್ಪಿದರೆ ತಪ್ಪಲಿ. ಐದನೆಯ ದಿನ ಆ ನಾಲ್ಕನ್ನೂ ತುಂಬಿಸಲು ಹೋಗಬೇಡ, ಅವತ್ತಿನದನ್ನಷ್ಟೇ ಓಡು.

ತಂಗೀ, ನಿನಗೂ ಹೇಳುತ್ತಿದ್ದೇನೆ. ಜಿಡಿಗೆ ನಿನಗೆ 1600 ಮೀಟರು, ಎಂಟೂವರೆ ನಿಮಿಷ. ನಿನ್ನ ದಾರಿಗೆ ಅಡ್ಡ ಬರುವುದು ದಮ್ಮಿಗಿಂತ ಹೆಚ್ಚಾಗಿ ಓಣಿಯವರ ಬಾಯಿ, ಕತ್ತಲು, ನಾಯಿ. ಇಬ್ಬರು ಮೂವರು ಗೆಳತಿಯರು ಕೂಡಿ ಹೋಗಿರಿ. ಅಣ್ಣನೋ ಅಪ್ಪನೋ ಸೈಕಲ್ ಮೇಲೆ ಹಿಂದೆ ಬರಲಿ. ಅಪ್ಪಂದಿರಿಗೂ ನನ್ನದೊಂದು ಮಾತು: ಮಗಳ ಜೊತೆ ಅರ್ಧ ತಾಸು ಮೈದಾನದಲ್ಲಿ ನಿಲ್ಲಿರಿ, ಆಡಿಕೊಳ್ಳುವವರ ಬಾಯಿ ವಾರದಲ್ಲಿ ಮುಚ್ಚುತ್ತದೆ.

ನಮ್ಮ ನೆರೆಯ ಬೆಳಗಾವಿಯ ಫಡೆಪ್ಪ ಚೌಗುಲೆ 1920ರಲ್ಲಿ ಆಂಟ್‌ವರ್ಪ್ ಒಲಿಂಪಿಕ್ಸ್‌ಗೆ ಹೋಗಿ ಮ್ಯಾರಥಾನಿನಲ್ಲಿ 19ನೆಯವನಾಗಿ ಬಂದ, 2 ತಾಸು 50 ನಿಮಿಷ 45 ಸೆಕೆಂಡಿನಲ್ಲಿ. ಇಂದಿನ ಬೂಟು, ಇಂದಿನ ಕೋಚು ಇಲ್ಲದ ಕಾಲ ಅದು. ಈ ಹೆಸರು ನಮ್ಮ ಮೈದಾನಗಳಲ್ಲಿ ಯಾರ ಬಾಯಲ್ಲೂ ಇಲ್ಲವೆಂಬುದು ನನಗೆ ನೋವಿನ ಸಂಗತಿ. ಭರ್ತಿ ಎಂಬುದೊಂದು ಇಲ್ಲದಿದ್ದರೂ ಓಟಕ್ಕೆ ಬೆಲೆ ಇದೆ ಎಂದು ನಿನಗೆ ಅನ್ನಿಸಲೆಂದೇ ಅವನನ್ನು ನೆನೆದೆ. ವಯಸ್ಸು ಮೀರಿತು, ಮೆಡಿಕಲ್‌ನಲ್ಲಿ ಹೋಯಿತು ಎಂದು ಬೂಟು ಕಟ್ಟಿಟ್ಟ ಹುಡುಗರು 25ಕ್ಕೆ ಹೊಟ್ಟೆ ಬಂದು ಕುಳಿತಿರುವುದನ್ನು ಕಂಡಾಗ ಕರುಳು ಚುರ್ ಅನ್ನುತ್ತದೆ. ಆ ದಮ್ಮು ಅವರೇ ಗಳಿಸಿದ್ದು, ಯಾವ ಇಲಾಖೆಯೂ ಕೊಟ್ಟದ್ದಲ್ಲ.

ಚಳಿಗಾಲದಲ್ಲಿ ವಿಜಯಪುರದಲ್ಲಿ ವೃಕ್ಷಥಾನ್ ಹೆರಿಟೇಜ್ ರನ್ ನಡೆಯುತ್ತದೆ, 5, 10, 21 ಕಿ.ಮೀ. ಓಟಗಳಿವೆ. ಭರ್ತಿ ಆಗಲಿ ಬಿಡಲಿ, ಹೆಸರು ಹಚ್ಚು. ಮೊದಲ ವರ್ಷ 21ಕ್ಕೆ ಕೈ ಹಾಕಬೇಡ, 10 ತಗೋ. ಹಿಂದಿನ ಸಾಲಿನಲ್ಲಿ ನಿಲ್ಲು, ಮೊದಲ ಎರಡು ಕಿ.ಮೀ. ಎಲ್ಲರೂ ನಿನ್ನನ್ನು ದಾಟಿ ಹೋಗಲಿ, ಏಳರ ಮೇಲೆ ನೀನು ಅವರನ್ನು ಒಬ್ಬೊಬ್ಬರಾಗಿ ಹಿಡಿಯುತ್ತಿ. ಹೊಸ ಬೂಟು ಅವತ್ತು ಹಾಕಬೇಡ. ಮರುದಿನ ಸುಮ್ಮನೆ ನಡೆದಾಡು. ಮೂರನೆಯ ದಿನ ಸಂಜೆ ಗೆಳೆಯನಿಗೆ ಫೋನ್ ಹಚ್ಚಿ, ನಾಳೆ ಎಷ್ಟಕ್ಕೆ ಬರ್ತಿ ಎಂದು ಕೇಳು.