ತೆಪ್ಪ ಮಗುಚೋದು ಯಾಕೆ? ಹಿನ್ನೀರಿನಲ್ಲಿ ಒಂದು ಲೆಕ್ಕ

ಪರೀಕ್ಷೆ ಮುಗಿದ ಕೂಡಲೇ ಹೊನ್ನೇಮರಡಿಗೆ ಹೋಗೋಣ ಅನ್ನೋ ಮಾತು ನಮ್ಮ ಹಾಸ್ಟೆಲ್ಲುಗಳಲ್ಲಿ ಹೊಸದೇನಲ್ಲ. ಸಾಗರ ತಾಲ್ಲೂಕಿನ ತಾಳಗುಪ್ಪದ ಹತ್ತಿರ ಇರುವ ಈ ಜಾಗ ಲಿಂಗನಮಕ್ಕಿ ಅಣೆಕಟ್ಟಿನ ಹಿನ್ನೀರಿನ ದಡ. ಶರಾವತಿಗೆ ಅಡ್ಡಲಾಗಿ ಕಟ್ಟಿದ ಈ ಅಣೆಕಟ್ಟು ಮುಗಿದದ್ದು 1964ರಲ್ಲಿ. ಪೂರ್ಣ ಮಟ್ಟ 1819 ಅಡಿ. ತುಂಬಿದಾಗ 300 ಚದರ ಕಿಲೋಮೀಟರಿಗೂ ಹೆಚ್ಚು ಜಾಗದಲ್ಲಿ ನೀರು ಹರಡಿಕೊಳ್ಳುತ್ತದೆ. ಇಂಥ ನೀರಿನಲ್ಲಿ ತೆಪ್ಪ ಹತ್ತಿದವರಿಗೆಲ್ಲ ಸಿಗುವ ಮೊದಲ ಬುದ್ಧಿಮಾತು ಒಂದೇ: "ಎದ್ದು ನಿಲ್ಲಬೇಡ್ರಪ್ಪಾ, ಕೂತ್ಕೊಳ್ಳಿ."

ಯಾಕೆ ಅಂತ ನಾವು ಕೇಳೋದಿಲ್ಲ. ಉತ್ತರ ನಮ್ಮ ಫ್ಲೂಯಿಡ್ ಮೆಕ್ಯಾನಿಕ್ಸ್ ನೋಟ್ಸಿನಲ್ಲೇ ಇದೆ. ಬನ್ನಿ, ಲೆಕ್ಕ ಹಾಕೋಣ.

ತೇಲುವ ವಸ್ತು ವಾಲಿದಾಗ, ನೀರು ಅದನ್ನು ಮೇಲಕ್ಕೆ ತಳ್ಳುವ ಬಲದ ಕೇಂದ್ರ ವಾಲಿದ ಕಡೆಗೆ ಸರಿಯುತ್ತದೆ. ಆ ಬಲದ ಲಂಬರೇಖೆ ದೋಣಿಯ ನಡುಗೆರೆಯನ್ನು ಸೇರುವ ಬಿಂದುವೇ ಮೆಟಾಸೆಂಟರ್. 1746ರಲ್ಲಿ ಇದನ್ನು ವಿವರಿಸಿ ಬರೆದವರು ಫ್ರಾನ್ಸಿನ ಪಿಯರ್ ಬುಗೇ. ಈ ಬಿಂದು ಗುರುತ್ವ ಕೇಂದ್ರಕ್ಕಿಂತ ಮೇಲಿದ್ದರೆ ದೋಣಿ ತಾನಾಗಿ ನೆಟ್ಟಗಾಗುತ್ತದೆ. ಕೆಳಗಿದ್ದರೆ ಇನ್ನಷ್ಟು ವಾಲುತ್ತದೆ. ತೇಲುವ ಬಲದ ಕೇಂದ್ರದಿಂದ ಮೆಟಾಸೆಂಟರಿನ ಎತ್ತರ = ಐ ÷ ವಿ. ಐ ಅಂದರೆ ನೀರಿನ ಮಟ್ಟದಲ್ಲಿನ ಅಡ್ಡಸೀಳಿಕೆಯ ಮೊಮೆಂಟ್ ಆಫ್ ಇನರ್ಷಿಯಾ, ವಿ ಅಂದರೆ ಮುಳುಗಿದ ಭಾಗದ ಗಾತ್ರ.

ಒಂದು ತೆಪ್ಪವನ್ನು ಊಹಿಸಿಕೊಳ್ಳೋಣ. ಚಪ್ಪಟೆ ತಳ, 2 ಮೀಟರ್ ವ್ಯಾಸ, 40 ಸೆಂ.ಮೀ. ಎತ್ತರದ ನೆಟ್ಟಗಿನ ಗೋಡೆ, ತೂಕ 40 ಕೆ.ಜಿ. ತಲಾ 60 ಕೆ.ಜಿ.ಯ ನಾಲ್ವರು ಕೂತರೆ ಒಟ್ಟು 280 ಕೆ.ಜಿ. ಅಂದರೆ ವಿ = 0.28 ಘನ ಮೀಟರ್. ತೆಪ್ಪ ಮುಳುಗುವುದು ಬರೀ 9 ಸೆಂ.ಮೀ. ಐ = 0.785. ಭಾಗಿಸಿದರೆ 2.8 ಮೀಟರ್! ಗುರುತ್ವ ಕೇಂದ್ರ ತಳದಿಂದ 40 ಸೆಂ.ಮೀ. ಮೇಲಿದೆ ಎಂದುಕೊಂಡರೂ ಮೆಟಾಸೆಂಟರ್ ಅದಕ್ಕಿಂತ ಸುಮಾರು 2.45 ಮೀಟರ್ ಮೇಲಿರುತ್ತದೆ. ಒಬ್ಬರು ಎದ್ದು ನಿಂತರೆ ಈ ಅಂತರ ಕಡಿಮೆಯಾಗುವುದು 9 ಸೆಂ.ಮೀ.ನಷ್ಟು ಮಾತ್ರ.

ಹಾಗಾದ್ರೆ ನಿಲ್ಲಬಹುದಾ? ಆತುರ ಬೇಡ. ನಿಂತವರು ನಿಂತಲ್ಲೇ ಇರೋದಿಲ್ಲ. ಮೀನು ಕಂಡಿತು ಅಂತಲೋ ಫೋಟೋಗೆ ಅಂತಲೋ ನಾಲ್ವರೂ ಒಂದೇ ಬದಿಗೆ 70 ಸೆಂ.ಮೀ. ಸರಿದರು ಅನ್ನಿ. ಸೂತ್ರದ ಪ್ರಕಾರ ಆ ಬದಿಯ ಅಂಚು ಸುಮಾರು 25 ಸೆಂ.ಮೀ. ತಗ್ಗುತ್ತದೆ, ಇನ್ನೂ 6 ಸೆಂ.ಮೀ. ಉಳಿದಿರುತ್ತದೆ. ಆದರೆ ಸೂತ್ರ ಸಣ್ಣ ವಾಲುವಿಕೆಗೆ ಮಾತ್ರ. ಇಲ್ಲಿ ಎದುರು ಬದಿಯ ತಳ ಆಗಲೇ ನೀರಿನಿಂದ ಎದ್ದುಬಿಟ್ಟಿರುತ್ತದೆ. ಅರ್ಧ ತಳ ಮೇಲೆದ್ದ ಆಕಾರವನ್ನೇ ಹಿಡಿದು ಗಾತ್ರ ಲೆಕ್ಕ ಹಾಕಿದರೆ, ತಗ್ಗಿದ ಅಂಚಿನ ಹತ್ತಿರ ಆಳ 42 ಸೆಂ.ಮೀ. ಬರುತ್ತದೆ. ಗೋಡೆ ಇರೋದೇ 40! ನೀರು ಒಳಗೆ ಬಂದೇ ಬರುತ್ತದೆ.

ನಿಜವಾದ ಅಪಾಯ ಶುರುವಾಗೋದು ಇಲ್ಲಿಂದ. ತಳದಲ್ಲಿ 5 ಸೆಂ.ಮೀ. ನೀರು ನಿಂತಿದೆ ಎಂದುಕೊಳ್ಳೋಣ. ಪಾದ ನೆನೆಯುವಷ್ಟು, ಅಷ್ಟೇ. ಅದರ ತೂಕ 157 ಕೆ.ಜಿ. ತೂಕಕ್ಕಿಂತ ಕೆಟ್ಟದ್ದು ಅದರ ಓಡಾಟ. ತೆಪ್ಪ ವಾಲಿದ ಕಡೆಗೇ ಅದೂ ಓಡುತ್ತದೆ. ಹೊರಗಿನ ನೀರು ಕೊಟ್ಟ 1.8 ಮೀಟರನ್ನು ಒಳಗಿನ ನೀರು ಹೆಚ್ಚುಕಡಿಮೆ ಪೂರ್ತಿ ಕಿತ್ತುಕೊಳ್ಳುತ್ತದೆ, ಯಾಕೆಂದರೆ ಎರಡರ ಹರವೂ ಒಂದೇ. ನಾಲ್ವರೂ ಮತ್ತೆ ನಡುವಿಗೆ ಬಂದು ಕೂತರೂ ಮೆಟಾಸೆಂಟರ್ ಈಗ ಗುರುತ್ವ ಕೇಂದ್ರಕ್ಕಿಂತ ಸುಮಾರು 20 ಸೆಂ.ಮೀ. ಕೆಳಗೆ! ತೆಪ್ಪ ನೆಟ್ಟಗೆ ನಿಲ್ಲೋದಿಲ್ಲ, ಒಂದು ಕಡೆಗೆ ವಾಲಿಕೊಂಡೇ ಇರುತ್ತದೆ. ಆ ಬದಿಯ ಅಂಚು ತಗ್ಗಿರುವುದರಿಂದ ಮುಂದಿನ ಅಲೆ ಸುಲಭವಾಗಿ ಒಳಗೆ ಬರುತ್ತದೆ.

ಮೀನುಗಾರರು ಈ ಲೆಕ್ಕವನ್ನು ಕೈಯಲ್ಲೇ ಕಲಿತಿರುತ್ತಾರೆ. ಒಬ್ಬ ಬಲೆ ಎಳೆಯುವಾಗ ಇನ್ನೊಬ್ಬ ಎದುರು ಬದಿಗೆ ಕೂರೋದು, ನೀರು ಮೊಗೆಯೋಕೆ ಒಂದು ಡಬ್ಬ ಇಟ್ಟುಕೊಳ್ಳೋದು ಸುಮ್ಮನೆ ಅಲ್ಲ. ಹಿನ್ನೀರಿನಲ್ಲಿ ಇನ್ನೊಂದು ತೊಡಕೂ ಇದೆ. ಮುಳುಗಿದ ಕಾಡಿನ ಮರದ ಬೊಡ್ಡೆಗಳು ನೀರಿನಡಿಯಲ್ಲಿ ಹಾಗೇ ನಿಂತಿವೆ. ಬಲೆ, ಗಾಳ ಸಿಕ್ಕಿಕೊಂಡಾಗ ಅಂಚಿಗೆ ಬಾಗಿ ಜಗ್ಗಿದರೆ ನಾವೇ ತೆಪ್ಪವನ್ನು ವಾಲಿಸಿದಂತೆ. ಬಲೆ ಹೋದರೆ ಹೋಗಲಿ, ಕತ್ತರಿಸಿಬಿಡಬೇಕು.

ಹಾಗಾಗಿ ಮುಂದಿನ ಸಲ ಹೊರಡುವಾಗ ನಾವು ನೆನಪಿಡಬೇಕಾದ್ದು ಇಷ್ಟು. ಲೈಫ್ ಜಾಕೆಟ್ಟಿನ ಪಟ್ಟಿಗಳನ್ನು ದಡದಲ್ಲೇ ಬಿಗಿದುಕೊಳ್ಳೋಣ. ಎಲ್ಲರೂ ಒಂದೇ ಬದಿಗೆ ಹೋಗೋದು ಬೇಡ. ಒಳಗೆ ನೀರು ಬಂದರೆ ಗಾಬರಿಯಿಂದ ಏಳದೆ, ಕೂತಲ್ಲೇ ಕೂತು ಮೊದಲು ಮೊಗೆಯೋಣ. "ಕೂತ್ಕೊಳ್ಳಿ" ಅಂದವರು ಐ ÷ ವಿ ಓದಿರಲಿಕ್ಕಿಲ್ಲ. ಆದರೆ ಅವರ ಮಾತಿನಲ್ಲಿ ಲೆಕ್ಕ ಸರಿಯಾಗೇ ಇದೆ.